ಸಹಿ ಒಪ್ಪಿಕೊಂಡ ಮೇಲೂ

ನಮ್ಮ ಸೀನಿಯರ್ ತೊಡುತ್ತಿದ್ದ ಕರಿ ಕೋಟಿನ ಎಡ ಜೇಬು ಯಾವಾಗಲೂ ಹರಿದು ಜೋತಾಡುತ್ತಿತ್ತು. ಮುಷ್ಟಿಯನ್ನು ಅದರೊಳಗೆ ತುರುಕಿಕೊಂಡು ಕೋರ್ಟಿನ ಪಡಸಾಲೆಯ ಆ ತುದಿಯಿಂದ ಈ ತುದಿಗೆ ತಿರುಗುತ್ತಲೇ ಇರುತ್ತಿದ್ದರು. ಕುರ್ಚಿ ತೋರಿಸಿದರೆ, "ನಾನು ಕೂತ್ರೆ ತಲೇನೂ ಕೂತ್ಬಿಡ್ತೈತಮ್ಮ" ಎನ್ನುತ್ತಿದ್ದರು. ಚಳ್ಳಕೆರೆಯ ಅವರ ಆಫೀಸಿಗೆ ಜೂನಿಯರ್ ಆಗಿ ಸೇರಿದ ನನಗೂ ಕೂರುವ ಭಾಗ್ಯವಿರಲಿಲ್ಲ. ಎಷ್ಟೋ ಸಲ ಅವರ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು.

ದೇವಸಮುದ್ರದ ಕಡೆಯ ಕುರಿಗಾರನೊಬ್ಬನ ಚೆಕ್ ಬೌನ್ಸ್ ಕೇಸು ನಮ್ಮಲ್ಲಿತ್ತು. ಮಗಳನ್ನು ನರ್ಸಿಂಗ್ ಓದಿಸಬೇಕೆಂದು ಅವನು ಅರ್ಧ ಹಿಂಡನ್ನೇ ಮಾರಿದ್ದ. ವ್ಯಾಪಾರಿ ಕೊಟ್ಟ ಚೆಕ್ಕು ವಾಪಸ್ ಬಂತು, ಹುಡುಗಿ ಮನೆಯಲ್ಲೇ ಉಳಿದಳು. ವ್ಯಾಪಾರ ನಡೆದದ್ದು ರೂಢಿಯಂತೆ ಟವೆಲ್ಲಿನ ಮರೆಯಲ್ಲಿ, ಬೆರಳು ಹಿಡಿದು. ಕುದುರಿದ ಬೆಲೆ ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುವುದಿಲ್ಲ. ಚೀಟಿಯೂ ಇರಲಿಲ್ಲ, ಸಾಕ್ಷಿಯೂ ಇರಲಿಲ್ಲ.

"ಸಹಿ ನಂದೇ ಅಂತ ವ್ಯಾಪಾರೀನೇ ಒಪ್ಪಿದಾನಲ್ಲ ಸಾರ್. ಹಣ ಬಾಕಿ ಐತೆ ಅಂತ ಕಾನೂನೇ ನಂಬುತ್ತೆ" ಎಂದೆ.

"ನಂಬುತ್ತೆ, ಅವ್ನು ಅನುಮಾನ ಹುಟ್ಟಿಸೋವರ್ಗೆ. ಆಮೇಲೆ ಕುರಿ ಕೊಟ್ಟಿದ್ದು ನಾವೇ ತೋರಿಸ್ಬೇಕು. ಸಹಿ ನೆಚ್ಕೊಂಡು ನಿದ್ದೆ ಮಾಡ್ಬೇಡ" ಎಂದು ಗದರಿದರು.

ಹಾಗೇ ಆಯಿತು. ಮೊಳಕಾಲ್ಮೂರು ಕೋರ್ಟಿನಲ್ಲಿ ವ್ಯಾಪಾರಿ ಕಟಕಟೆ ಹತ್ತಿದ. ಕುರಿ ಕೊಳ್ಳುವ ಮಾತಾಗಿದ್ದು ನಿಜ, ಭರವಸೆಗೆಂದು ಖಾಲಿ ಚೆಕ್ಕು ಕೊಟ್ಟಿದ್ದೂ ನಿಜ, ಆದರೆ ಕುರಿ ಬರಲೇ ಇಲ್ಲ ಎಂದ. ಹೊರಗೆ ಬಾಗಿಲ ಬಳಿ ಕುರಿಗಾರ ಮಗಳ ಜೊತೆ ನಿಂತಿದ್ದ.

ಪಾಟೀಸವಾಲಿಗೆ ಎದ್ದ ಸೀನಿಯರ್ ಚೆಕ್ಕಿನ ಸುದ್ದಿಯನ್ನೇ ಎತ್ತಲಿಲ್ಲ. ಎಷ್ಟು ವರ್ಷದಿಂದ ವ್ಯಾಪಾರ, ಯಾವ ಸಂತೆ ಎಂದು ಲೋಕಾಭಿರಾಮವಾಗಿ ಕೇಳುತ್ತಾ ಹೋದರು. ನ್ಯಾಯಾಧೀಶರು ಗಡಿಯಾರ ನೋಡತೊಡಗಿದರು. ಕೊನೆಗೆ ಸೀನಿಯರ್ ನಕ್ಕು, "ನಿಮಗೆ ಕುರಿ ಹಲ್ಲು ನೋಡಿ ವಯಸ್ಸು ಹೇಳೋಕೆ ಬರಲ್ಲ ಅಂತೀನಿ. ಈ ಕುರಿಗಾರನ ಹಿಂಡಲ್ಲಿದ್ದಿದ್ದೆಲ್ಲ ಮುದಿ ಕುರಿ" ಎಂದರು.

ಹುಟ್ಟಾ ಕುರಿ ವ್ಯಾಪಾರಿಗೆ ಇದಕ್ಕಿಂತ ಅವಮಾನ ಇನ್ನೇನಿದೆ? ಅವನು ಕೆರಳಿ, "ಯಾವ ಮುದಿ ಕುರೀರಿ? ಒಂದೊಂದರ ಬಾಯಿ ಬಿಡಿಸಿ ನೋಡೇ ಹೊಡ್ಕೊಂಡು ಹೋಗಿದೀನಿ!" ಎಂದುಬಿಟ್ಟ.

ಅವನ ವಕೀಲರು ತಲೆ ಮೇಲೆ ಕೈ ಹೊತ್ತರು. ನನಗೆ ಕುಣಿಯುವಷ್ಟು ಖುಷಿ. ಸೀನಿಯರ್ ಮಾತ್ರ ಹೊರಗೆ ಬಂದವರೇ ಮತ್ತೆ ತಿರುಗಾಟ ಶುರು ಮಾಡಿ, "ಕುಣೀಬೇಡಮ್ಮ, ವಾದ ಇನ್ನೂ ಐತೆ" ಎಂದರು.

ವಾದದ ದಿನ ಹತ್ತಿರ ಬಂದಾಗ ಅವರಿಗೆ ಹೃದಯಾಘಾತವಾಯಿತು. ವಾದದ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು ಅಳುತ್ತಿದ್ದೆ. ಕಣ್ಣು ತೆರೆದು, "ಆ ಹುಡುಗಿ ಕಾಲೇಜಿಗೆ ಸೇರಿದ್ಲಾ?" ಎಂದು ಕೇಳಿದರು.

"ಇನ್ನೂ ಇಲ್ಲ ಸಾರ್. ಇವತ್ತು ವಾದ ಐತೆ, ಮುಂದಕ್ಕೆ ಹಾಕ್ಸೋಣ ಅಂತ..."

"ಮತ್ತೆ ಇಲ್ಲೇನ್ ಮಾಡ್ತಿದೀಯ? ಎದ್ದೇಳು, ಬಸ್ ಹತ್ತು."

ಹತ್ತಿದೆ. ಮೊದಲ ಬಾರಿಗೆ ಒಬ್ಬಳೇ ನಿಂತು ವಾದ ಮಾಡಿದೆ. ಮುಗಿಸಿ ಹೊರಬಂದು ಫೋನ್ ಆನ್ ಮಾಡಿದಾಗ ಅವರು ಹೋಗಿಬಿಟ್ಟಿದ್ದರು.

ತೀರ್ಪು ನಮ್ಮ ಕಡೆಗಾಯಿತು. ವ್ಯಾಪಾರಿ ಹಣ ಕಟ್ಟಿದ, ಹುಡುಗಿ ಕಾಲೇಜಿಗೆ ಸೇರಿದಳು. ಕೊನೆಗಳಿಗೆಯಲ್ಲಿ ಅವರ ಬಳಿ ಇರಲಿಲ್ಲವಲ್ಲ ಎಂದು ಇವತ್ತಿಗೂ ಕೊರಗುತ್ತೇನೆ. ನಾನು ಅಲ್ಲೇ ಉಳಿದಿದ್ದರೆ ಅವರು ಮತ್ತೆ ಬೈದು ಕೋರ್ಟಿಗೇ ಕಳಿಸುತ್ತಿದ್ದರು.