ಪೆನ್ಸಿಲಿನ ಆರು

ನಾನು ಕೂತಲ್ಲಿ ಕೂಡುವವಳಲ್ಲ. ಜೇವರ್ಗಿಯ ಮನೆಯಲ್ಲಿ ಅವ್ವ ಬೈಯುತ್ತಿದ್ದಳು: “ಕಾಲಾಗ ಚಕ್ರ ಅದಾವೇನ ಬೇ? ಒಂದ್ ಗಳಿಗಿ ಕೂಡು.” ಬಿ.ಎಡ್. ಓದುವಾಗ ಅತನೂರಿನಾಚೆಯ ಒಂದು ಹೈಸ್ಕೂಲಿಗೆ ಪಾಠದ ಅಭ್ಯಾಸಕ್ಕೆ ಹಾಕಿದರು. ಅಲ್ಲೂ ಅದೇ ಬುದ್ಧಿ.

ಅಂದು ನನ್ನ ಕೊನೆಯ ಅಭ್ಯಾಸ ಪಾಠ. ಕಾಲೇಜಿನಿಂದ ನಮಗೆ ಗಣಿತ ಬೋಧನೆ ಕಲಿಸುವ ಸರ್ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರು ಒಪ್ಪಿದರಷ್ಟೇ ಮುಂದೆ ಪರೀಕ್ಷೆಯ ಪಾಠ. ಎಂ.ಎಸ್ಸಿ. ಮಾಡಿದವಳಿಗೆ ಒಂಬತ್ತನೆಯ ತರಗತಿಯ ಸಮೀಕರಣ ಏನು ಮಹಾ ಎಂಬ ಸೊಕ್ಕು ನನಗೆ.

ಹಲಗೆಯ ಮೇಲೆ 3 − (x − 5) = 2 ಎಂದು ಬರೆದೆ. ಬಾಯಿ ಮುಂದೆ ಓಡುತ್ತಿತ್ತು, ಕೈ ಅದರ ಹಿಂದೆ. ಕಂಸ ಬಿಡಿಸುವಾಗ ಐದರ ಮುಂದೆ ಪ್ಲಸ್ ಬರಬೇಕಿತ್ತು, ಮೈನಸ್ಸನ್ನೇ ಇಳಿಸಿದೆ. ಉತ್ತರ ಮೈನಸ್ ನಾಲ್ಕು ಬಂತು. ಅದರ ಕೆಳಗೆ ಎರಡು ಗೆರೆ ಬೇರೆ ಎಳೆದೆ.

“ತಿಳೀತೇನು?”

“ಹೌದ್ರಿ ಟೀಚರ್!” ಇಡೀ ತರಗತಿ ಕೂಗಿತು. ನಾನು ಉಬ್ಬಿಹೋದೆ.

ಗಂಟೆ ಹೊಡೆದ ಮೇಲೆ ಸರ್, “ಮಕ್ಕಳ ವಹಿ ನೋಡ್ರಿ” ಅಂದರಷ್ಟೆ. ನೋಟ್‌ಬುಕ್ ಒಂದೊಂದೇ ತೆರೆದು ನೋಡಿದೆ. ಎಲ್ಲರದೂ ಮೈನಸ್ ನಾಲ್ಕು. ಆಗ ತಪ್ಪು ಕಣ್ಣಿಗೆ ಬಿತ್ತು. ಮುಂದಿನ ಸಾಲಿನ ಒಬ್ಬ ಹುಡುಗಿಯ ವಹಿಯ ಅಂಚಿನಲ್ಲಿ ಮಾತ್ರ ಪೆನ್ಸಿಲಿನಿಂದ ಸಣ್ಣಗೆ 6 ಎಂದಿತ್ತು. ಅದೇ ಸರಿ ಉತ್ತರ. ಅದನ್ನು ಹೊಡೆದುಹಾಕಿ, ಪೆನ್ನಿನಲ್ಲಿ ನನ್ನ ಉತ್ತರ ಬರೆದುಕೊಂಡಿದ್ದಳು.

“ನಿಂದ ಖರೆ ಇತ್ತಲ್ಲ, ಯಾಕ ಹೇಳಲಿಲ್ಲ?”

“ನೀವು ತಪ್ಪ ಬರದೀರಿ ಅಂತ ಹ್ಯಾಂಗ ಅನ್ನಬೇಕ್ರಿ? ಹಿಂದ ದೊಡ್ಡ ಸರ್ ಕುಂತಿದ್ರು. ನಿಮ್ಮ ಮರ್ಯಾದಿ ಹೋಗ್ತಿತ್ತಲ್ರಿ.”

ಸಿಟ್ಟು ಬಂತು, ನನ್ನ ಮೇಲೆಯೇ. ನನ್ನ ಪಾಠಯೋಜನೆಯ ವಹಿಯಲ್ಲಿ ಸರ್ ಒಂದೇ ಸಾಲು ಬರೆದಿದ್ದರು: ಈ ಪಾಠ ಮತ್ತೊಮ್ಮೆ ಮಾಡಬೇಕು.

ಮರುದಿನ ಕಾಲೇಜಿಗೆಂದು ಕಲಬುರಗಿಯ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋದೆ. ತಪ್ಪಿಲ್ಲದೆ ಕಲಿಸುವುದನ್ನು ಹೇಗೋ ಕಲಿತೇನು. ತಪ್ಪಾದಾಗ ಮಕ್ಕಳು ಹೇಳುವಂತೆ ಮಾಡುವುದು ಹೇಗೆ? ಕಾಲೇಜಿನಲ್ಲಿ ಅದೇ ಸರ್ ಹಲಗೆಯ ತುಂಬ ಮೌಲ್ಯಮಾಪನದ ಕೋಷ್ಟಕ ಬರೆದರು. ಅರ್ಧದಿಂದಾಚೆ ನನ್ನ ತಲೆಗೆ ಹತ್ತಲಿಲ್ಲ. “ತಿಳೀತೇನ್ರಿ?” ಅಂದರು. “ಹೌದ್ರಿ ಸರ್!” ಅಂದೆವು. ನನ್ನ ದನಿಯೇ ಎಲ್ಲರಿಗಿಂತ ಮುಂದೆ.

ಅಂದ ಮೇಲೆ ನಾಚಿಕೆಯಾಯಿತು. ಎದ್ದು ನಿಂತೆ.

“ಸುಳ್ಳ ಹೇಳಿದೆ ಸರ್. ನನಗ ತಿಳಿದಿಲ್ಲ.”

ಹಿಂದಿನಿಂದ ಯಾರೋ, “ನನಗೂ ಇಲ್ರಿ” ಅಂದರು.

ಸೋಮವಾರ ಅದೇ ತರಗತಿ, ಹಿಂದಿನ ಬೆಂಚಿನಲ್ಲಿ ಅದೇ ಸರ್. ನನ್ನ ತಪ್ಪು ಲೆಕ್ಕವನ್ನು ಹಾಗೆಯೇ ಬರೆದು, “ಇಲ್ಲಿ ನಾ ತಪ್ಪೀನಿ. ಎಲ್ಲಿ ಅಂತ ತೋರಸು” ಎಂದು ಆ ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟೆ. ಅವಳ ಜಾಗದಲ್ಲಿ ಹೋಗಿ ಕೂತೆ. ಅವಳು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತ ಬಂದಳು. ನಾನು ಕೂತಲ್ಲಿಂದ ಮಿಸುಕಲಿಲ್ಲ. ಆಮೇಲೆ ಐದರ ಮುಂದಿನ ನನ್ನ ಮೈನಸ್ಸಿನ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದು ಪ್ಲಸ್ ಮಾಡಿದಳು.