ಅತ್ತೆ ಹೊಲಿದಿಟ್ಟ ಧಾರಾವಾಹಿ

ಹಳೆಯ ವಾರಪತ್ರಿಕೆ ಕೈಗೆ ಬಂದರೆ ನಾನು ಮೊದಲು ಮುಖಪುಟ ನೋಡುವುದಿಲ್ಲ. ನಡುವೆ ಬಿಚ್ಚಿ ಪಿನ್ ನೋಡುತ್ತೇನೆ. ತುಕ್ಕು ಹಿಡಿದಿದೆಯಾ, ಹಾಳೆ ಸಡಿಲವಾಗಿದೆಯಾ, ಪುಟದ ಸಂಖ್ಯೆ ಎಲ್ಲಾದರೂ ಹಾರಿದೆಯಾ. ಆಮೇಲೆ ಮೂಸುತ್ತೇನೆ. ನೆನೆದು ಒಣಗಿದ ಕಾಗದದ ವಾಸನೆಯೇ ಬೇರೆ. ಇದನ್ನೆಲ್ಲ ಯಾರೂ ಹೇಳಿಕೊಟ್ಟದ್ದಲ್ಲ. ಫೋನಿನಲ್ಲಿ ಅವರಿವರು ಹಾಕಿದ್ದು ನೋಡಿ, ನಾಲ್ಕು ಸಲ ಮೋಸ ಹೋಗಿ, ನಾನೇ ಕಲಿತದ್ದು. ಕಲಿತೆ ಅನ್ನುವ ಸೊಕ್ಕೂ ಇತ್ತು.

ತೆಲಂಗಾಣ ಬೇರೆ ರಾಜ್ಯವಾಗಿ ಕೆಲವು ವರ್ಷ ಆಗಿದ್ದವು. ಅಲ್ಲಿಯವರೆಗೆ ನಮಗೆಲ್ಲ ಪಾಲಮೂರೇ ಜಿಲ್ಲೆ. ಮೊದಲು ಗದ್ವಾಲ್ ಜಿಲ್ಲೆಯಾಯಿತು, ಅದರ ಹಿಂದೆ ನಮ್ಮ ನಾರಾಯಣಪೇಟೆಯೂ ಆಯಿತು. ಜಿಲ್ಲೆ ಅಂದ ಮೇಲೆ ಕಚೇರಿ, ಕಚೇರಿ ಅಂದ ಮೇಲೆ ಕೋಣೆ. ವರ್ಷಗಟ್ಟಲೆ ಬೀಗ ಬಿದ್ದಿದ್ದ ಕೋಣೆಗಳನ್ನು ತೆರೆದು ಸುಣ್ಣ ಬಳಿದರು. ಬಾಡಿಗೆಯ ಆಸೆಗೆ ಜನ ತಮ್ಮ ಹಳೆಯ ಮನೆಗಳನ್ನೂ ಕೆಡವಿ ಕಟ್ಟಿಸಿದರು. ಅಲ್ಲಿದ್ದ ಕಾಗದವೆಲ್ಲ ರದ್ದಿ ಅಂಗಡಿಗೆ ಬಂತು. ಅದರಲ್ಲಿ ಕನ್ನಡದ ವಾರಪತ್ರಿಕೆಗಳೂ ಇದ್ದವು. ನಮ್ಮ ಕಡೆ ಒಂದು ಕಾಲದಲ್ಲಿ ರಾಯಚೂರಿನಿಂದ ಬಸ್ಸಿನ ಮೇಲೆ ಬರುತ್ತಿದ್ದ ಪತ್ರಿಕೆಗಳು. ಕಿಲೋ ಲೆಕ್ಕದಲ್ಲಿ ತಂದು, ಒರೆಸಿ, ಫೋಟೋ ತೆಗೆದು ಹಾಕಿದರೆ ಬೆಂಗಳೂರು, ಮೈಸೂರಿನವರು ಕೇಳಿ ತರಿಸಿಕೊಳ್ಳುತ್ತಿದ್ದರು. ನಾನು ಡಿಗ್ರಿ ಮುಗಿಸಿ ಖಾಲಿ ಕೂತಿದ್ದೆ. ಖಾಲಿ ಕೂತವನಿಗೆ ಇದಕ್ಕಿಂತ ಚೆಂದದ ಕೆಲಸ ಇನ್ನೇನಿದೆ!

ನಾನು ಓದಿದ್ದು ತೆಲುಗು ಮೀಡಿಯಂ. ಕನ್ನಡ ಓದಲು ಕಲಿಸಿದ್ದು ಮಕ್ತಲಿನ ಅತ್ತೆ, ಅಪ್ಪನ ಅಕ್ಕ. ಅವ್ವ ತೀರಿಕೊಂಡಾಗ ನನಗೆ ಮೂರು ವರ್ಷ. ಅವ್ವ ಐಜದವಳು, ಮನೆಮಾತು ತೆಲುಗು. ಅವಳದೊಂದು ಮದುವೆಯ ಫೋಟೋ ಇದೆ. ಅದರಲ್ಲಿ ತಲೆ ಬಗ್ಗಿಸಿ ಕೂತಿದ್ದಾಳೆ, ಬಾಸಿಂಗ ಕಾಣುತ್ತದೆ, ಮುಖ ಕಾಣುವುದಿಲ್ಲ. ರಜೆ ಬಂತೆಂದರೆ ಅಪ್ಪ ನನ್ನನ್ನು ಅತ್ತೆಯ ಮನೆಗೆ ಬಿಡುತ್ತಿದ್ದ. ಅಲ್ಲಿ ಹಳೆಯ ಪತ್ರಿಕೆಗಳ ಹಿಂದಿನ ಪುಟದ ನಗೆಹನಿಗಳ ಮೇಲೆ ಬೆರಳಿಟ್ಟು ನಾನು ಅಕ್ಷರ ಕೂಡಿಸಿದ್ದು.

ಈ ವ್ಯಾಪಾರ ಶುರು ಮಾಡಿದೆ ಅಂತ ಹೇಳಲು ಹೋದಾಗ ಅತ್ತೆ ಕಡಲೆಕಾಯಿ ಸುಲಿಯುತ್ತಿದ್ದಳು.

“ಡಿಗ್ರಿ ಓದಿ ರದ್ದಿ ಮಾರ್ತೀಯೇನೋ ತಮ್ಮಾ?”

“ರದ್ದಿ ಅಲ್ಲ ಅತ್ತಿ. ಹಳೇ ಪತ್ರಿಕಿ. ಬೆಂಗಳೂರಾಗ ಮಂದಿ ಹುಡುಕ್ಯಾಡಾಕ ಹತ್ಯಾರ.”

“ಹಳೇ ಪತ್ರಿಕಿಗೇ ರದ್ದಿ ಅಂತಾರಪಾ ನಮ್ಮೂರಾಗ.” ನಕ್ಕು ಅಟ್ಟದ ಕಡೆ ಕೈ ತೋರಿಸಿದಳು. “ಅಲ್ಲೊಂದು ಟ್ರಂಕ್ ಐತಿ ನೋಡು. ಇಳಿಸ್ಕೋ. ಬೆಂಗಳೂರಿನವರು ಉಪ್ಪು ಹಚ್ಚಿ ತಿನ್ಲಿ.”

ಟ್ರಂಕಿನೊಳಗೆ ಒಂದೇ ವಾರಪತ್ರಿಕೆಯ ಸಂಚಿಕೆಗಳು ವಾರದ ಪ್ರಕಾರ ಜೋಡಿಸಿಟ್ಟಿದ್ದವು. ಮಾವ ಇದ್ದಾಗ ರಾಯಚೂರಿನ ಎಣ್ಣೆ ಗಿರಣಿಯಲ್ಲಿ ದುಡಿಯುತ್ತಿದ್ದ. ಶನಿವಾರ ಊರಿಗೆ ಬರುವಾಗ ಅತ್ತೆಗೆ ಅಂತ ತರುತ್ತಿದ್ದದ್ದು. ಮುಖಪುಟ ಹೊಸದರಂತಿತ್ತು, ಪಿನ್ನಿಗೆ ತುಕ್ಕಿಲ್ಲ. ಕುಣಿಯಬೇಕು ಅನ್ನಿಸಿತು. ಬಿಚ್ಚಿ ನೋಡಿದೆ. ಪ್ರತಿಯೊಂದರಲ್ಲೂ ನಡುವಿನ ನಾಲ್ಕು ಪುಟ ಇಲ್ಲ. ನಮ್ಮ ವ್ಯಾಪಾರದಲ್ಲಿ ಪುಟ ಕಳೆದುಕೊಂಡ ಪತ್ರಿಕೆ ಅಂದರೆ ನಿಜಕ್ಕೂ ರದ್ದಿಯೇ.

“ಅತ್ತಿ, ನಡುವಿನ ಹಾಳಿ ಎಲ್ಲಿ ಹೋದ್ವು?”

ಅತ್ತೆ ಕೈ ಕೊಡವಿಕೊಂಡು ಎದ್ದಳು. ಒಳಗೆ ಸೀರೆಗಳ ಕೆಳಗಿನಿಂದ ಒಂದು ಪುಸ್ತಕ ತಂದಳು. ಅಂಗಡಿಯ ಪುಸ್ತಕವಲ್ಲ. ಆ ಕಾಲದ ಹೆಂಗಸರು ಬಹಳ ಜನ ಹೀಗೇ ಮಾಡುತ್ತಿದ್ದರಂತೆ: ವಾರವಾರವೂ ಧಾರಾವಾಹಿಯ ಹಾಳೆಯನ್ನಷ್ಟೇ ಬಿಡಿಸಿ ತೆಗೆದು, ಮುಗಿದ ಮೇಲೆ ಒಟ್ಟಿಗೆ ಹೊಲಿಯುವುದು. ಅತ್ತೆ ಮಗ್ಗದವರ ಮನೆಯಿಂದ ಉಳಿಕೆ ನೂಲು ತಂದು ಹೊಲಿದಿದ್ದಳು. ಮೇಲೆ ನಾರಾಯಣಪೇಟೆ ಸೀರೆಯ ಅಂಚಿನ ಬಟ್ಟೆಯ ಹೊದಿಕೆ. ಇಪ್ಪತ್ತೈದು ಕಂತು.

“ಇಪ್ಪತ್ತಾರನೇದು ಇಲ್ಲ,” ಅಂದಳು. “ಕಡೀ ಕಂತು ಅದು. ಆ ವಾರ ಕೃಷ್ಣಾ ತುಂಬಿ ಬಂತು, ರಾಯಚೂರ ಬಸ್ಸು ಬಂದ್ ಆದ್ವು. ನಿಮ್ಮ ಮಾವ ಎರಡು ವಾರ ಆ ಕಡೀನೇ ಉಳಿದ. ಬರೂವಷ್ಟರಾಗ ಅಂಗಡಿಯಾಗ ಆ ಸಂಚಿಕಿ ಮುಗಿದಿತ್ತು.”

“ಪುಸ್ತಕ ಆಗಿ ಬಂದಿಲ್ಲೇನು?”

“ಎಲ್ಲಿ ಬಂತು. ಕೇಳಿ ಕೇಳಿ ಸಾಕಾತು.” ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಹೊದಿಕೆಯ ಅಂಚು ಸವರಿದಳು. “ನಿನಗ ಎಲ್ಲ್ಯಾರ ಸಿಗತೈತೇನು ಅದು?”

“ಸಿಗದೇ ಎಲ್ಲಿಗಿ ಹೋಗತೈತಿ ಅತ್ತಿ? ಗದ್ವಾಲದಾಗ ರದ್ದಿ ಗುಡ್ಡ ಬಿದ್ದೈತಿ.”

“ಹಂಗಾರ ಇದನ್ನ ಒಯ್ಯಿ. ಕಡೀದು ಸೇರಿಸಿ ಹೊಲದು ನೀನ ಇಟ್ಕೋ. ಅರ್ಧ ಇದ್ದದ್ದನ್ನ ಕೈಯಾಗ ಕೊಡಬಾರದು ಅಂತ ಇಷ್ಟು ದಿನ ನಾ ಇಟ್ಕೊಂಡಿದ್ದೆ.”

ಇಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ‘ನೀನ ಇಟ್ಕೋ’ ಅನ್ನುವುದೊಂದೇ. ಕೊಟ್ಟಳು, ಅಂದರೆ ನನ್ನದಾಯಿತು.

ಟ್ರಂಕನ್ನೂ ಹೇರಿಕೊಂಡು ಹೊರಟೆ. ಬಸ್ಸಿನಲ್ಲಿ ಪುಸ್ತಕ ತಿರುವಿ ನೋಡಿದೆ. ಪುಟಗಳ ತುಂಬ ಪೆನ್ಸಿಲಿನ ಗೀಚು. ಕನ್ನಡದ ಸಾಲಿನ ಮೇಲೆ ಅಲ್ಲಲ್ಲಿ ಸಣ್ಣಗೆ ತೆಲುಗು ಅಕ್ಷರಗಳು. ‘ಹೊಸ್ತಿಲು’ ಅನ್ನುವುದರ ಮೇಲೆ ‘ಗಡಪ’ ಅಂತ. ಒಂದು ಕಡೆ ಏನೂ ಬರೆಯದೆ ಬರೀ ಒಂದು ಸೊನ್ನೆ. ಗಡಿಯ ಊರಲ್ಲಿ ಇದೇನು ವಿಶೇಷವಲ್ಲ. ಅತ್ತೆಯ ಹತ್ತಿರ ಕನ್ನಡ ಕಲಿಯಲು ಬರುತ್ತಿದ್ದ ಯಾರೋ ಇರಬೇಕು ಅಂದುಕೊಂಡೆ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ.

ಆ ಧಾರಾವಾಹಿಯ ವಿಷಯ ಫೋನಿನ ಗುಂಪಿನಲ್ಲಿ ಹಾಕಿದ ದಿನವೇ ಬೆಂಗಳೂರಿನ ಒಬ್ಬರು ಫೋನ್ ಮಾಡಿದರು. ಹಳೆಯ ಪತ್ರಿಕೆಗಳ ದೊಡ್ಡ ವ್ಯಾಪಾರಿ. “ಇಪ್ಪತ್ತಾರೂ ಸಂಚಿಕೆ ಪೂರ್ತಿ ಇದ್ರೆ ನೀವು ಹೇಳಿದ ರೇಟು. ಕತ್ತರಿಸಿ ಹೊಲಿದಿರೋದು ನಂಗೆ ಬೇಡ. ಪತ್ರಿಕೆ ಪತ್ರಿಕೆ ಥರಾನೇ ಇರ್ಬೇಕು.” ಆ ರೇಟಿಗೆ ನಾರಾಯಣಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಮಳಿಗೆ ಹಿಡಿಯಬಹುದಿತ್ತು. ಹೆಸರು ಕೂಡ ಯೋಚಿಸಿದ್ದೆ.

ಗದ್ವಾಲಿಗೆ ನಾಲ್ಕು ಸಲ ಹೋದೆ. ಅಲ್ಲಿಯ ರದ್ದಿ ಅಂಗಡಿಯ ಮುದುಕ ನನ್ನನ್ನು ಕಂಡರೆ ತಕ್ಕಡಿ ಬಿಟ್ಟು ಕೂಗುತ್ತಿದ್ದ. “ಬಂದ್ಯಾ ಅಳಿಯಾ! ನಿನ್ನ ವಯಸ್ಸಿನವರು ಹುಡುಗೇರ ಹಿಂದ ತಿರಗತಾರ, ನೀ ಇಲಿ ಕಡದ ಕಾಗದದ ಹಿಂದ ತಿರಗಾಕ ಹತ್ತಿ.”

“ಹುಡುಗೇರು ಕಿಲೋ ಲೆಕ್ಕದಾಗ ಸಿಗಾಂಗಿಲ್ಲ ಮಾವಾ.”

“ಅಬ್ಬಬ್ಬಾ, ಮಾತು ನೋಡು! ಹೋಗು, ಹಿಂದಿನ ಮೂಲ್ಯಾಗ ನಿನ್ನೀದು ಲೋಡ್ ಬಿದ್ದೈತಿ.”

ನಾಲ್ಕನೆಯ ಸಲ, ಆ ಮೂಲೆಯಲ್ಲಿ, ಹಳೆಯ ಖಾತೆ ಕಾಗದಗಳ ನಡುವೆ ಇಪ್ಪತ್ತಾರನೆಯ ಕಂತಿನ ಸಂಚಿಕೆ ಸಿಕ್ಕಿತು. ಮೂಲೆ ಮಡಚಿತ್ತು, ಅಷ್ಟೇ. ಅಲ್ಲೇ ನೆಲದ ಮೇಲೆ ಕೂತು ಓದಿದೆ. ನೇರವಾಗಿ ಮಕ್ತಲಿಗೆ ಹೋಗಬಹುದಿತ್ತು, ದಾರಿಯಲ್ಲೇ ಇದೆ. ಹೋಗಲಿಲ್ಲ. ಅತ್ತೆಗೆ ಕೊಟ್ಟರೆ ಆ ನಾಲ್ಕು ಪುಟ ಕಿತ್ತು ಹೊಲಿಯುತ್ತಾಳೆ, ಸೆಟ್ ಹಾಳಾಗುತ್ತದೆ. ಫೋಟೋ ತೆಗೆದು ದೊಡ್ಡ ಅಕ್ಷರ ಮಾಡಿ ತೋರಿಸಿದರೆ ಆಯಿತಲ್ಲ? ಅವಳಿಗೆ ಬೇಕಾಗಿರುವುದು ಕತೆ ಹೇಗೆ ಮುಗಿಯಿತು ಅನ್ನುವುದು ತಾನೆ?

ಮನೆಗೆ ಬಂದು ಹೊಲಿಗೆ ಬಿಚ್ಚಿದೆ. ಮೂರು ದಿನದ ಕೆಲಸ. ಮೊದಲು ಪೆನ್ಸಿಲ್. ಗೀಚು ಇದ್ದರೆ ಬೆಲೆ ಇಳಿಯುತ್ತದೆ. ಮೆತ್ತನೆಯ ರಬ್ಬರ್ ಹಿಡಿದು, ಒಂದೇ ದಿಕ್ಕಿಗೆ, ಕಾಗದದ ಮೈ ಏಳದಂತೆ ಉಜ್ಜಬೇಕು. ಒಂದೊಂದು ಪದವನ್ನೂ ಹತ್ತಿರದಿಂದ ನೋಡಿ ನೋಡಿ ಅಳಿಸಿದೆ. ಪುಡಿಯನ್ನು ಅಪ್ಪನ ಗಡ್ಡದ ಬ್ರಷ್ಷಿನಿಂದ ಗುಡಿಸಿದೆ. ಆಮೇಲೆ ತೆಳ್ಳನೆಯ ಕಾಗದದ ಪಟ್ಟಿ ಅಂಟಿಸಿ ನಾಲ್ಕು ನಾಲ್ಕು ಪುಟವನ್ನು ಅದರದರ ಪತ್ರಿಕೆಯೊಳಗೆ ಕೂರಿಸಿದೆ. ಸೂಜಿ ಚುಚ್ಚಿದ ತೂತುಗಳು ಮಾತ್ರ ಉಳಿದವು. ಅಂಟಿಸಿದ್ದನ್ನೂ ತೂತುಗಳನ್ನೂ ಬೆಂಗಳೂರಿನವರಿಗೆ ಮುಚ್ಚಿಡದೆ ಹೇಳಿದೆ. “ಕೆಲಸ ನೀಟಾಗಿದೆ,” ಅಂದರು. ಆ ಮಾತನ್ನು ಎರಡು ದಿನ ಮನಸ್ಸಿನಲ್ಲೇ ಹೇಳಿಕೊಂಡು ತಿರುಗಿದೆ.

ಪಾರ್ಸೆಲ್ ಕಳಿಸಿ, ಎರಡು ತಿಂಗಳಿಗೆ ದುಡ್ಡು ಕೈಗೆ ಬಂದ ಮೇಲೆ, ಅರ್ಧ ಕಿಲೋ ಸಿಹಿ ಹಿಡಿದು ಮಕ್ತಲಿಗೆ ಹೋದೆ.

“ಸಿಕ್ತು ಅತ್ತಿ! ಕಡೀ ಕಂತು ಸಿಕ್ತು!”

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದಳು. ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿದಳು. ಅದರೊಳಗೆ ಫೋನ್ ಇಟ್ಟೆ.

“ಇದೇನೋ?”

“ಫೋಟೋ. ಹಿಂಗ ಬೆರಳಿಂದ ಅಗಲ ಮಾಡಿದ್ರ ಅಕ್ಷರ ದೊಡ್ಡವಾಗ್ತಾವ. ಓದಿ ಹೇಳಲೇನು?”

“ಹಾಳಿ ಎಲ್ಲೈತಿ?”

“ಮಾರಿದೆ ಅತ್ತಿ. ಪೂರಾ ಸೆಟ್ಟು. ಎಷ್ಟು ಬಂತು ಅಂದರ…”

“ನಾ ಹೊಲದದ್ದು?”

“ಅದನ್ನೂ ಬಿಚ್ಚಿ ಸೇರಿಸಿದೆ. ನೀನ ಕೊಟ್ಟಿದ್ದಿ ಅಲ್ಲ?”

ಅತ್ತೆ ಫೋನನ್ನು ಕಿಟಕಿಯ ಗೂಡಿನಲ್ಲಿ ಇಟ್ಟಳು. “ಅದರಾಗ ಪೆನ್ಸಿಲ್‌ಲೇ ಬರದದ್ದು ಇತ್ತಲ್ಲೋ,” ಅಂದಳು. ಮೆಲ್ಲಗೆ ಕೇಳಿದಳು. ಹಾಳಾಯಿತೆಂದು ಹೆದರಿದ್ದಾಳೆ ಅಂತ ನಾನು ತಿಳಿದೆ. ಸಮಾಧಾನ ಮಾಡುವ ಹಾಗೆ ಹೇಳಿದೆ:

“ಅದರ ಚಿಂತಿ ಬ್ಯಾಡ ಅತ್ತಿ. ಎಲ್ಲಾ ಅಳಿಸೀನಿ. ಒಂದೂ ಕಾಣಾಂಗಿಲ್ಲ.”

ಒಲೆಯ ಮೇಲೆ ಅನ್ನ ಉಕ್ಕಿ ಸುರಿಯುವ ಸದ್ದಾಯಿತು. ಅತ್ತೆ ತಿರುಗಲಿಲ್ಲ.

“ಅವು ನಿಮ್ಮವ್ವನ ಅಕ್ಷರ,” ಅಂದಳು.

ಆಮೇಲೆ ಹೇಳಿದ್ದನ್ನು ನಾನು ನಿಂತೇ ಕೇಳಿದೆ. ಅವ್ವ ಮದುವೆಯಾಗಿ ಬಂದಾಗ ಕನ್ನಡ ಬರುತ್ತಿರಲಿಲ್ಲವಂತೆ. ಮನೆಯಲ್ಲಿ ಎಲ್ಲರೂ ನಕ್ಕರೆ ತನ್ನನ್ನೇ ಕುರಿತು ನಕ್ಕರೇನೋ ಅಂತ ಅಳುತ್ತಿದ್ದಳಂತೆ. ಆಗ ಎಲ್ಲರೂ ನಾರಾಯಣಪೇಟೆಯಲ್ಲಿ ಒಂದೇ ಮನೆಯಲ್ಲಿದ್ದರು. ಅತ್ತೆ ಪ್ರತಿ ಭಾನುವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಧಾರಾವಾಹಿ ಓದಿ ಹೇಳುತ್ತಿದ್ದಳು. ತಿಳಿಯದ ಪದ ಬಂದರೆ ಅವ್ವ “ವದಿನಾ, ಇದಿ ಏಂದಿ?” ಅಂತ, ಅತ್ತಿಗೀ ಇದೇನು ಅಂತ, ತಡೆಯುತ್ತಿದ್ದಳು. ಅತ್ತೆ ಹೇಳಿದ್ದನ್ನು ತೆಲುಗಿನಲ್ಲಿ ಮೇಲೆ ಬರೆದುಕೊಳ್ಳುತ್ತಿದ್ದಳು. ಇಪ್ಪತ್ತೈದನೆಯ ಕಂತಿಗೆ ಬರುವಾಗ ತಾನೇ ಓದುತ್ತಿದ್ದಳಂತೆ. ಕೊನೆಯ ಕಂತು ಬರಲೇ ಇಲ್ಲ.

“ಆಕೀದು ಇನ್ನೇನೂ ಉಳಿದಿಲ್ಲ ತಮ್ಮಾ. ಸೀರಿ ಆಕೀ ತವರಿಗೆ ಹೋದ್ವು. ಕತಿ ಓದಾಕ ನಾ ಕೇಳಿದ್ದೆನೇನೋ? ಹೊಲ್ಯಾಕ ಕೇಳಿದ್ದೆ. ಹೊಲದು ನಿನ್ನ ಕೈಯಾಗ ಇಡಾಕ.”

“ಮೊದಲ ಯಾಕ ಹೇಳಲಿಲ್ಲ ಅತ್ತಿ?”

“ಅರ್ಧ ಇದ್ದದ್ದನ್ನ ತೋರಿಸಿ ಏನು ಹೇಳಲಿ ಅಂತ. ಪೂರಾ ಆದ ಮ್ಯಾಲ ಹೇಳಬೇಕಂತಿದ್ದೆ.”

ಹೊರಗೆ ಬಂದು ಬೆಂಗಳೂರಿಗೆ ಫೋನ್ ಮಾಡಿದೆ. ದುಡ್ಡು ವಾಪಸ್ ಕಳಿಸುತ್ತೇನೆ, ಎಲ್ಲ ಹಾಗೇ ಕಳಿಸಿಬಿಡಿ ಅಂದೆ. ಅವರು ಒಳ್ಳೆಯವರೇ. “ಸ್ಕ್ಯಾನ್ ಮಾಡ್ಕೊಂಡು ಒಂದೊಂದೇ ಮಾರ್ಬಿಟ್ಟೆನಲ್ಲಪ್ಪ,” ಅಂದರು. ಪೂರ್ತಿ ಸೆಟ್ ಬೇಕು ಅಂದವರೇ ಅವರು. ಹನ್ನೊಂದನೆಯ ಕಂತಿನ ಸಂಚಿಕೆ ಒಂದು ಮಾತ್ರ ಉಳಿದಿತ್ತು. ವಿಷಯ ಕೇಳಿದ ಮೇಲೆ ಅಂಚೆಯ ಖರ್ಚೂ ಬೇಡ ಅಂದರು. ಕೊಂಡವರಲ್ಲಿ ಕೆಲವರ ನಂಬರ್ ಕೊಟ್ಟರು. ಇಬ್ಬರು ಕೊಡುವುದಿಲ್ಲ ಅಂದರು, ಒಬ್ಬರು ಮತ್ತೆ ಮಾರಿದ್ದರು. ಒಬ್ಬರು ಮಾತ್ರ, “ಯಾವ ಪೆನ್ಸಿಲ್? ನನ್ನ ಕಾಪಿಯಲ್ಲಿ ಏನೂ ಇಲ್ಲವಲ್ಲ, ತುಂಬಾ ಕ್ಲೀನ್ ಇದೆ,” ಅಂತ ಸಂತೋಷದಿಂದ ಹೇಳಿದರು.

ಮಳಿಗೆ ಹಿಡಿಯಲಿಲ್ಲ. ವ್ಯಾಪಾರ ಬಿಡಲೂ ಇಲ್ಲ, ಬೇರೆ ಏನೂ ಬರುವುದಿಲ್ಲ ನನಗೆ. ಗೀಚು ಇದ್ದರೆ ಇದೆ ಅಂತಲೇ ಬರೆದು ಹಾಕುತ್ತೇನೆ. ರಬ್ಬರ್ ಮುಟ್ಟುವುದಿಲ್ಲ.

ಹನ್ನೊಂದನೆಯ ಕಂತು ಬಂದ ಮೇಲೆ ಅದನ್ನು ಹಿಡಿದು ಮಕ್ತಲಿಗೆ ಹೋದೆ. ಅಂಗಳದ ಬಿಸಿಲಿಗೆ ಪುಟ ಹಿಡಿದು ಓರೆ ಮಾಡಿ ನೋಡಿದೆ. ಕಾಗದದ ಮೇಲೆ ಪೆನ್ಸಿಲ್ ಒತ್ತಿದ ಗುರುತಾದರೂ ಕಾಣಬಹುದು ಅನ್ನುವ ಆಸೆ. ಏನೂ ಇರಲಿಲ್ಲ. ಕೆಲಸ ಅಷ್ಟು ಚೆನ್ನಾಗಿ ಮಾಡಿದ್ದೆ. ಸೂಜಿಯ ತೂತುಗಳಲ್ಲಿ ಮಾತ್ರ ಬಿಸಿಲು ತೂರಿ ಬಂತು.

ಅತ್ತೆ ಪುಟ ಇಸಿದುಕೊಂಡು ಕನ್ನಡಕ ಹಾಕಿಕೊಂಡಳು. ಬೆರಳು ಸಾಲಿನ ಮೇಲೆ ನಡೆಯಿತು, ನಿಂತಿತು.

“ಇಲ್ಲಿ. ಹೊಸ್ತಿಲು ಅನ್ನೂದಕ್ಕ ಗಡಪ ಅಂತ ಬರದಿದ್ದಳು. ಮತ್ತ ಇಲ್ಲಿ ನೋಡು, ಹಂಬಲ. ಅದನ್ನ ತೆಲುಗಿನಾಗ ಹೇಳಾಕ ನನಗ ಬರಲಿಲ್ಲ. ಆಮ್ಯಾಲ ಹೇಳು ವದಿನಾ ಅಂತ ಸೊನ್ನಿ ಹಾಕಿ ಬಿಟ್ಟಳು.”

ಅತ್ತೆಗೆ ಎಲ್ಲ ಜಾಗವೂ ನೆನಪಿತ್ತು. ನಾನು ಜೇಬಿನಿಂದ ಪೆನ್ಸಿಲ್ ತೆಗೆದೆ. ಅವಳು ಬೆರಳಿಟ್ಟ ಕಡೆ ಬರೆಯಲು ಹೋಗಿ ಕೈ ನಿಂತಿತು.

“ಅವ್ವ ‘ಗ’ ಹೆಂಗ ಬರೀತಿದ್ದಳು ಅತ್ತಿ?”

“ಗುಂಡಗ.”

“ಗುಂಡಗ ಅಂದರ?”

ಅತ್ತೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. “ನನ್ನ ಕೇಳ್ತೀಯಲ್ಲೋ. ಕಡೀಕ ನೋಡಿದವ ನೀನ ಅಲ್ಲೇನು?”

ಹೌದು, ನಾನೇ. ಮೂರು ದಿನ, ಒಂದೊಂದು ಪದವನ್ನೂ, ಕಣ್ಣಿಗೆ ಹತ್ತಿರ ಹಿಡಿದು ನೋಡಿದ್ದೆ. ಹೋಯಿತೋ ಇಲ್ಲವೋ ಅಂತ ನೋಡಿದ್ದೆ.