ತಾಯಿಯ ಹೆಸರೇನು?

ಪಕ್ಕದ ಮನೆಗೆ ಹೊಸದಾಗಿ ಬಂದಿರುವ ಲೀನಾ ನಿನ್ನೆ ಸಂಜೆ ಬಿರುಕಿಗೆ ಮೆತ್ತುವ ಪುಟ್ಟಿಯ ಡಬ್ಬಿ ಹಿಡಿದು ನಮ್ಮ ಮನೆ ಬೆಲ್ ಒತ್ತಿದಳು. ತುಂಬು ಗರ್ಭಿಣಿ. ತನ್ನ ಬಾಗಿಲ ಚೌಕಟ್ಟಿನ ಬಲಗಡೆ ಓರೆಯಾಗಿ ಎರಡು ಸ್ಕ್ರೂ ತೂತುಗಳಿವೆ, ಒಳಗೆ ವೈರ್ ಏನಾದರೂ ಇದೆಯೇ, ಮುಚ್ಚಬಹುದೇ ಎಂದು ಕೇಳಿದಳು. ವೈರ್ ಖಂಡಿತ ಇಲ್ಲ ಎಂದೆ. ಈ ಒಂದು ವಿಷಯದಲ್ಲಿ ಇಡೀ ಮಾಲ್ಮೋ ಊರಿನಲ್ಲಿ ನನ್ನಷ್ಟು ಅನುಭವಸ್ಥರು ಇನ್ನೊಬ್ಬರಿಲ್ಲ.

ಯಾಕೆ ಅಂತೀರಾ? ನಾವು ಈ ಮನೆಗೆ ಬಂದಾಗ ಆ ಜಾಗದಲ್ಲಿ ಬೆರಳುದ್ದದ ಹಿತ್ತಾಳೆ ಕೊಳವೆಯೊಂದಿತ್ತು. ಅದೇ ಕಾಲಿಂಗ್ ಬೆಲ್ ಅಂದುಕೊಂಡು, ನೆರೆಯವರ ಪರಿಚಯ ಮಾಡಿಕೊಳ್ಳೋಣವೆಂದು ದಿನಾ ಹೋಗಿ ಒತ್ತಿ ಬರುತ್ತಿದ್ದೆ. ಬಾಗಿಲು ತೆರೆಯುತ್ತಿರಲಿಲ್ಲ. ಸ್ವೀಡನ್ನಿನ ಜನ ಯಾರನ್ನೂ ಹಚ್ಚಿಕೊಳ್ಳುವುದಿಲ್ಲ ಎಂದು ಗಂಡನ ಹತ್ತಿರ ದೂರಿದ್ದೂ ಆಯಿತು. ಕೊನೆಗೊಂದು ದಿನ ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತಿ ಬಂದ ಮುದುಕರೊಬ್ಬರು ನಾನು ಒತ್ತುವುದನ್ನು ಹಿಂದೆ ನಿಂತು ನೋಡಿದರು. ಅದರೊಳಗೆ ಚರ್ಮದ ಹಾಳೆಯ ಮೇಲೆ ಬರೆದ ದೇವರ ವಾಕ್ಯವಿದೆ, ಯಹೂದಿಗಳು ಒಳಗೆ ಹೋಗುವಾಗ ಮುಟ್ಟಿ ಹೋಗುತ್ತಾರೆ ಎಂದು ವಿವರಿಸಿ, "ನಮ್ಮವರೇ ಇಷ್ಟು ಶ್ರದ್ಧೆಯಿಂದ ಮುಟ್ಟುವುದಿಲ್ಲ" ಎಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅವರೇ ಇಸಾಕ್. ನಿವೃತ್ತ ಗಣಿತದ ಮೇಷ್ಟ್ರು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಅವರ ಮನೆಯಿಂದ ಬ್ರೆಡ್ ಬೇಯುವ ವಾಸನೆ ಬರುತ್ತಿತ್ತು. ಆ ಹೊತ್ತಿಗೆ ಅವರ ಸಮುದಾಯದ ಯಾರಾದರೂ ಮಗುವನ್ನೋ ಮದುವೆ ಹುಡುಗಿಯನ್ನೋ ಕರೆತರುವರು. ಮುದುಕರು ಕೈ ಎತ್ತಿ ಹರಸುವರು. ಧರ್ಮಾತ್ಮರ ಹರಕೆಗೆ ಅವರಲ್ಲಿ ದೊಡ್ಡ ಬೆಲೆಯಂತೆ. ಮೇಲಿನವನು ಬರೆದಿಟ್ಟದ್ದನ್ನೂ ಅಂಥವರು ಬೇಡಿಕೊಂಡು ತಿದ್ದಿಸಬಲ್ಲರಂತೆ. ಲೋಕ ನಿಂತಿರುವುದೇ ಮೂವತ್ತಾರು ಮಂದಿ ಧರ್ಮಾತ್ಮರ ಮೇಲೆ, ಆದರೆ ತಾವು ಆ ಮೂವತ್ತಾರರಲ್ಲಿ ಒಬ್ಬರೆಂದು ಅವರಿಗೇ ಗೊತ್ತಿರುವುದಿಲ್ಲ ಎಂದು ಒಮ್ಮೆ ಹೇಳಿದರು. ತಾನಂತೂ ಅಲ್ಲವೇ ಅಲ್ಲ ಎಂದೂ ಸೇರಿಸಿದರು. ಹಾಗಾದರೆ ನೀವೇ ಇರಬೇಕು, ಲೆಕ್ಕದ ಮೇಷ್ಟ್ರಾಗಿ ಇಷ್ಟೂ ತಿಳಿಯುವುದಿಲ್ಲವೇ ಎಂದು ನಾನು ಕಾಲೆಳೆದೆ.

ಮರುವರ್ಷ ನನ್ನ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಗುವ ತನಕ ಅದು ಒಳ್ಳೆಯದೋ ಕೆಟ್ಟದೋ ಹೇಳಲಾಗದು ಎಂದರು ವೈದ್ಯರು. ನನಗೆ ಸಾಯುವ ಭಯ ಹಿಡಿಯಿತು. ಆಪರೇಷನ್ನಿನ ಹಿಂದಿನ ದಿನ ಇಸಾಕ್ ಅವರ ಬಾಗಿಲು ತಟ್ಟಿದೆ. ವಿಷಯ ಹೇಳಿದವಳೇ, ನಮ್ಮ ಅಭ್ಯಾಸದಂತೆ, ಕಾಲು ಮುಟ್ಟಲು ಬಗ್ಗಿದೆ. ಮುದುಕರು ಬೆಚ್ಚಿ ಹಿಂದೆ ಸರಿದು ಕೋಟ್ ಸ್ಟ್ಯಾಂಡ್ ಹಿಡಿದುಕೊಂಡರು. ಅವರಲ್ಲಿ ಮನುಷ್ಯರ ಕಾಲಿಗೆ ಬೀಳುವಂತಿಲ್ಲವಂತೆ.

ನಾನು ಎದ್ದು ನಿಂತು, ದೇವಸ್ಥಾನದಲ್ಲಿ ಅರ್ಚನೆಗೆ ಹೇಳುವ ಹಾಗೆ ಹೆಸರು, ಗೋತ್ರ, ನಕ್ಷತ್ರ ಒಪ್ಪಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

"ನಿನ್ನ ತಾಯಿಯ ಹೆಸರೇನು?"

ಕಾಯಿಲೆಯವರಿಗಾಗಿ ಬೇಡುವಾಗ ಅವರು ತಾಯಿಯ ಹೆಸರನ್ನೇ ಹೇಳುವುದಂತೆ. ನನ್ನ ಗೋತ್ರ ಮೊದಲು ಅಪ್ಪನದು, ಆಮೇಲೆ ಗಂಡನದು. ಅಮ್ಮನ ಹೆಸರನ್ನು ಯಾವ ದೇವರ ಮುಂದೆಯೂ ನನ್ನಿಂದ ಯಾರೂ ಕೇಳಿದ್ದಿಲ್ಲ. ಅಪ್ಪ ಅವಳನ್ನು "ಇವಳೇ" ಎಂದು ಕರೆದೇ ಸಂಸಾರ ಮುಗಿಸಿದ್ದರು. ಅವಳು ಹೋಗಿ ಎಷ್ಟೋ ವರ್ಷವಾಗಿತ್ತು. "ಗಿರಿಜಾ" ಎಂದೆ. ಅಂದದ್ದೇ ತಡ, ಅಳು ಬಂತು.

ಅವರು ನನ್ನ ತಲೆಯ ಮೇಲೆ ಮುಟ್ಟದಂತೆ ಕೈ ಚಾಚಿ, ಹೀಬ್ರೂ ಮಾತಿನ ನಡುವೆ "ಗಿರಿಜಾ" ಎಂದು ಸ್ಪಷ್ಟವಾಗಿ ಹೇಳಿದರು. ಆಮೆನ್ ಅನ್ನುವುದು ಹರಸಿಕೊಂಡವರ ಕೆಲಸ, ಅದಿಲ್ಲದೆ ಹರಕೆ ಪೂರ್ತಿಯಾಗದು ಎಂದರು. ಆಮೆನ್ ಎಂದೆ. ಆಮೇಲೆ ನಮ್ಮ ಅಸ್ತು ದೇವತೆಗಳ ಸುದ್ದಿ ತೆಗೆದೆ. ಸಂಜೆ ಹೊತ್ತು ಅವು ಓಡಾಡುತ್ತಾ, ಯಾರು ಏನೇ ಅಂದರೂ ಅಸ್ತು ಅನ್ನುತ್ತವೆ, ಕೆಟ್ಟದ್ದು ಆಡಬೇಡ ಎಂದು ಅಮ್ಮ ಗದರುತ್ತಿದ್ದಳು. ಅವರು ಬಹಳ ಮೆಚ್ಚಿಕೊಂಡರು.

ಗೆಡ್ಡೆ ಒಳ್ಳೆಯದೇ ಆಗಿತ್ತು. ಅತ್ತೆ ಊರಲ್ಲಿ ಹರಕೆ ತೀರಿಸಿದರು. "ಸರ್ಜನ್‌ಗೂ ಸ್ವಲ್ಪ ಕ್ರೆಡಿಟ್ ಕೊಡ್ರಪ್ಪ, ಪಾಪ" ಎಂದ ನನ್ನ ಗಂಡ. ಕೊಟ್ಟೆವು. ನನ್ನ ಪಾಲಿನದನ್ನು ನಾನು ಪಕ್ಕದ ಮನೆಗೇ ಕೊಟ್ಟೆ.

ಹೋದ ಚಳಿಗಾಲದಲ್ಲಿ ಇಸಾಕ್ ಆಸ್ಪತ್ರೆ ಸೇರಿದರು. ನೋಡಲು ಹೋದಾಗ, ಈಗ ನಿನ್ನ ಸರದಿ, ನನ್ನನ್ನು ಹರಸು ಎಂದರು. ನಾನ್ಯಾವ ಧರ್ಮಾತ್ಮಳು ಎಂದು ಹಿಂಜರಿದೆ. ಸಾಮಾನ್ಯರ ಹರಕೆಯನ್ನೂ ಹಗುರವಾಗಿ ಎಣಿಸಬಾರದೆಂದು ಅವರ ಹಿರಿಯರು ಹೇಳಿದ್ದಾರಂತೆ. ಸರಿ, ನಾನೂ ಅವರ ತಲೆಯ ಮೇಲೆ ಕೈ ಚಾಚಿದೆ.

"ನಿಮ್ಮ ತಾಯಿಯ ಹೆಸರೇನು?"

ಎರಡನೇ ಮಹಾಯುದ್ಧ ಮುಗಿದ ಮೇಲೆ, ತನ್ನವರೆಲ್ಲರನ್ನೂ ಕಳೆದುಕೊಂಡು ಹಡಗಿನಲ್ಲಿ ಇದೇ ಊರಿಗೆ ಬಂದಿಳಿದವಳು ಆಕೆ.

"ರೈಸೆಲ್. ಈ ಹೆಸರು ಗೊತ್ತಿರುವವರು ಈಗ ನಾವಿಬ್ಬರೇ" ಎಂದರು.

ರೈಸೆಲ್ ಮಗ ಇಸಾಕ್ ಚೆನ್ನಾಗಿರಲಿ ಎಂದು ಕನ್ನಡದಲ್ಲೇ ಹರಸಿದೆ. ಅವರು ಆಮೆನ್ ಎಂದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ನನ್ನ ಹರಕೆ ಫಲಿಸಲಿಲ್ಲವೆಂದು ನನಗೆ ಬಹಳ ದುಃಖವಾಯಿತು, ಈಗಲೂ ಇದೆ.

ನಿನ್ನೆ ಲೀನಾ ಪುಟ್ಟಿ ಮೆತ್ತಿ ತೂತು ಮುಚ್ಚುವುದನ್ನು ನೋಡುತ್ತಾ ನಿಂತಿದ್ದೆ. ಬೇಡ ಅನ್ನಲು ಬಾಯಿ ತನಕ ಬಂದಿತ್ತು; ಆದರೆ ಮನೆ ಅವಳದು. ಮೊದಲ ಹೆರಿಗೆ, ಭಯವಾಗುತ್ತಿದೆ ಎಂದಳು. ಅವಳ ತಾಯಿಯ ಹೆಸರು ಕೇಳಿದೆ. ಯಾಕೆಂದು ತಿಳಿಯದೆ ನನ್ನ ಮುಖ ನೋಡಿ, ಬಿರ್ಗಿಟ್ಟಾ ಎಂದಳು.

ಒಳಗೆ ಬಂದು ದೀಪ ಹಚ್ಚಿದೆ. ಬಿರ್ಗಿಟ್ಟಾಳ ಮಗಳು ಲೀನಾ ಸುಖವಾಗಿ ಹೆರಲಿ ಎಂದೆ. ಆಮೆನ್ ಅನ್ನಲು ಯಾರೂ ಇರಲಿಲ್ಲ. ಆದರೆ ಸಂಜೆಯ ಹೊತ್ತು. ಅಸ್ತು ದೇವತೆಗಳು ಮಾಲ್ಮೋಗೂ ಬರುತ್ತವೆಂದು ನಂಬಿ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.